ಪ್ಲಾಸ್ಮಾ ಮತ್ತು ಇಂಗಾಲದ ಗೋಡೆ: ಕೊರೆತ ಎಲ್ಲಿ, ಹೂಳು ಎಲ್ಲಿ?



ಬ್ರಹ್ಮಾವರದಿಂದ ಕುಂದಾಪುರ ದಾಟಿ ಬೈಂದೂರಿಗೆ ಹೋಗುವ ಹೆದ್ದಾರಿಯಲ್ಲಿ ಮರವಂತೆಯನ್ನು ನೀವು ನೋಡಿರಬಹುದು. ಒಂದು ಪಕ್ಕ ಅರಬ್ಬಿ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಮಳೆಗಾಲ ಬಂತೆಂದರೆ ಅಲ್ಲಿ ಕಡಲ್ಕೊರೆತದ ಭಯ. ಅಲೆಗಳು ದಡದ ಮರಳನ್ನು ಕೊರೆದು ಒಯ್ಯುತ್ತವೆ. ಆ ಮರಳು ನಾಶವಾಗುವುದಿಲ್ಲ. ನೀರಿನ ರಭಸ ಕಡಿಮೆಯಾದ ಕಡೆ ಹೋಗಿ ಕೂರುತ್ತದೆ. ಒಂದೆಡೆ ಕೊರೆತ, ಇನ್ನೊಂದೆಡೆ ಹೂಳು. ಬೈಜಿಕ ಸಮ್ಮಿಲನದಿಂದ ವಿದ್ಯುತ್ ಪಡೆಯಲು ಹೊರಟ ವಿಜ್ಞಾನಿಗಳನ್ನು ದಶಕಗಳ ಕಾಲ ಕಾಡಿದ ಒಂದು ಸಮಸ್ಯೆಯೂ ಇದೇ ಬಗೆಯದು.

ಸೂರ್ಯನಲ್ಲಿ ಜಲಜನಕದ ಬೀಜಗಳು ಒಂದಾಗಿ ಶಕ್ತಿ ಹೊಮ್ಮುತ್ತದೆ. ಅದನ್ನು ಭೂಮಿಯ ಮೇಲೆ ಸಾಧಿಸಲು ಜಲಜನಕವನ್ನು ಪ್ಲಾಸ್ಮಾ ಸ್ಥಿತಿಗೆ ತರಬೇಕು. ಅಂದರೆ ಪರಮಾಣುಗಳಿಂದ ಇಲೆಕ್ಟ್ರಾನುಗಳು ಬೇರ್ಪಡುವಷ್ಟು ಬಿಸಿ ಮಾಡಬೇಕು. ಅದನ್ನು ಕಾಂತಕ್ಷೇತ್ರದಿಂದ ಹಿಡಿದಿಡುವ ಉಂಗುರಾಕಾರದ ಸಾಧನವೇ ಟೋಕಮಾಕ್. ನಮ್ಮ ದೇಶದಲ್ಲಿಯೇ ವಿನ್ಯಾಸಗೊಂಡು ನಿರ್ಮಾಣವಾದ ಮೊದಲ ಟೋಕಮಾಕ್ 'ಆದಿತ್ಯ' 1989ರಲ್ಲಿ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ ಕಾರ್ಯಾರಂಭ ಮಾಡಿತು.

ಕಾಂತಕ್ಷೇತ್ರ ಎಷ್ಟೇ ಪ್ರಬಲವಾಗಿದ್ದರೂ ಪ್ಲಾಸ್ಮಾದ ಅಂಚು ಎಲ್ಲಾದರೊಂದು ಕಡೆ ಗೋಡೆಯನ್ನು ತಾಗುತ್ತದೆ. ಅಲ್ಲಿ ಯಾವ ವಸ್ತು ಇರಬೇಕು? ಆದಿತ್ಯದಲ್ಲಿಯೂ ಇತರ ಅನೇಕ ಟೋಕಮಾಕ್‌ಗಳಲ್ಲಿಯೂ ಗ್ರಾಫೈಟನ್ನು ಬಳಸಿದರು. ಕಾರಣ ಸ್ಪಷ್ಟ. ಸಾಧಾರಣ ಒತ್ತಡದಲ್ಲಿ ಗ್ರಾಫೈಟ್ ಕರಗುವುದೇ ಇಲ್ಲ. 3,500 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ನೇರವಾಗಿ ಆವಿಯಾಗುತ್ತದೆ. ಇಂಗಾಲ ಹಗುರವಾದ ಮೂಲವಸ್ತುವಾದ್ದರಿಂದ ಅದರ ಕೆಲವು ಪರಮಾಣುಗಳು ಒಳಹೊಕ್ಕರೂ ಪ್ಲಾಸ್ಮಾ ಹೆಚ್ಚು ತಣ್ಣಗಾಗುವುದಿಲ್ಲ.

ಆದರೆ ಇಂಗಾಲಕ್ಕೂ ಜಲಜನಕಕ್ಕೂ ಬಹಳ ನಂಟು. ವೇಗದ ಅಯಾನುಗಳು ಬಡಿದು ಇಂಗಾಲದ ಪರಮಾಣುಗಳನ್ನು ಕೀಳುವುದು ಭೌತಿಕ ಸವೆತ. ಇದರ ಜೊತೆಗೆ ರಾಸಾಯನಿಕ ಸವೆತವೂ ಇದೆ. ಜಲಜನಕವು ಇಂಗಾಲದೊಡನೆ ಕೂಡಿ ಮೀಥೇನ್ ಮೊದಲಾದ ಹೈಡ್ರೊಕಾರ್ಬನ್ ಅನಿಲಗಳಾಗಿ ಮೇಲ್ಮೈಯಿಂದ ಹಾರಿಹೋಗುತ್ತದೆ. ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಇದೇ ಮೀಥೇನ್. ಗೋಡೆಯ ಉಷ್ಣತೆ ಸುಮಾರು 500ರಿಂದ 600 ಡಿಗ್ರಿ ಇರುವಾಗ ಈ ಸವೆತ ಅತಿ ಹೆಚ್ಚು.

ಮುಂದೇನಾಗುತ್ತದೆ? ಪ್ಲಾಸ್ಮಾವು ಈ ಅನಿಲದ ಅಣುಗಳನ್ನು ಒಡೆಯುತ್ತದೆ. ಅನೇಕ ತುಣುಕುಗಳು ಹತ್ತಿರದಲ್ಲೇ ಗೋಡೆಗೆ ಮರಳಿ ಅಂಟುತ್ತವೆ. ಉಳಿದವು ಪ್ಲಾಸ್ಮಾ ತಲುಪದ ತಂಪು ಮೂಲೆಗಳನ್ನು ಸೇರಿ, ಲಾಟೀನಿನ ಗಾಜಿಗೆ ಮಸಿ ಹಿಡಿದಂತೆ ಪದರ ಪದರವಾಗಿ ಕೂರುತ್ತವೆ. ಬಿಸಿಯೂ ಜಲಜನಕದ ಹೊಡೆತವೂ ಹೆಚ್ಚಿದ್ದಲ್ಲಿ ಸವೆತ. ಅವೆರಡೂ ಕಡಿಮೆಯಿದ್ದಲ್ಲಿ ಶೇಖರಣೆ. ಮೃದುವಾದ ಲೇಪಗಳಲ್ಲಿ ಒಂದು ಇಂಗಾಲ ಪರಮಾಣುವಿಗೆ ಹೆಚ್ಚುಕಡಿಮೆ ಒಂದು ಜಲಜನಕ ಪರಮಾಣು ಸೆರೆಯಾಗಿರುತ್ತದೆ.

ನಿಜವಾದ ತೊಡಕು ಇರುವುದು ಇಲ್ಲಿಯೇ. ಸಮ್ಮಿಲನದ ಇಂಧನ ಜಲಜನಕದ ಭಾರವಾದ ರೂಪಗಳಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂ. ಟ್ರಿಟಿಯಂ ದುರ್ಲಭ; ವಿಕಿರಣಶೀಲ ಕೂಡ. ಅದರ ಅರ್ಧಾಯುಷ್ಯ ಸುಮಾರು 12.3 ವರ್ಷ. ಇಂಗ್ಲೆಂಡಿನ ಕಲ್ಹ್ಯಾಮ್‌ನಲ್ಲಿದ್ದ 'ಜೆಟ್' ಟೋಕಮಾಕ್‌ಗೆ 1997ರ ಪ್ರಯೋಗಗಳಲ್ಲಿ ಸುಮಾರು 35 ಗ್ರಾಂ ಟ್ರಿಟಿಯಂ ಹಾಯಿಸಲಾಯಿತು. ಶುದ್ಧೀಕರಣದ ನಂತರವೂ ಸುಮಾರು 6 ಗ್ರಾಂ ಒಳಗೇ ಉಳಿಯಿತು. ಅದರ ಬಹುಪಾಲು ತಂಪು ಮೂಲೆಗಳಲ್ಲಿ ಇಂಗಾಲದ ಹಕ್ಕಳೆಗಳೊಡನೆ ಸೇರಿಕೊಂಡಿತ್ತು. ದೊಡ್ಡ ವಿದ್ಯುತ್ ಸ್ಥಾವರದಲ್ಲಿ ಹೀಗಾದರೆ ಇಂಧನವೂ ನಷ್ಟ, ಸುರಕ್ಷತೆಗೂ ಧಕ್ಕೆ.

ಆದ್ದರಿಂದ 2011ರಲ್ಲಿ ಜೆಟ್ ಟೋಕಮಾಕ್‌ಗೆ ಬೆರಿಲಿಯಂ ಮತ್ತು ಟಂಗ್‌ಸ್ಟನ್ ಗೋಡೆ ಅಳವಡಿಸಿದರು. ಗೋಡೆಯಲ್ಲಿ ಉಳಿಯುವ ಇಂಧನ ಹತ್ತು ಪಟ್ಟಿಗೂ ಹೆಚ್ಚು ಇಳಿಯಿತು. ಜೆಟ್ 2023ರ ಕೊನೆಯಲ್ಲಿ ತನ್ನ ಪ್ರಯೋಗಗಳನ್ನು ಮುಗಿಸಿತು. ಭಾರತವು 2005ರಲ್ಲಿ ಸೇರಿದ, ಫ್ರಾನ್ಸಿನಲ್ಲಿ ನಿರ್ಮಾಣವಾಗುತ್ತಿರುವ 'ಇಟರ್' ಯೋಜನೆಯೂ ಇಂಗಾಲವನ್ನು ಕೈಬಿಟ್ಟು ಟಂಗ್‌ಸ್ಟನ್ ಆರಿಸಿಕೊಂಡಿದೆ. 3,422 ಡಿಗ್ರಿಯಲ್ಲಿ ಕರಗುವ ಈ ಲೋಹ ಜಲಜನಕದೊಡನೆ ಸೇರಿ ಅನಿಲವಾಗುವುದಿಲ್ಲ. ಆದರೆ ಇದು ಭಾರವಾದ ಮೂಲವಸ್ತು. ತುಸು ಒಳಸೇರಿದರೂ ಪ್ಲಾಸ್ಮಾವನ್ನು ತಣಿಸುತ್ತದೆ. ಹೀಗಾಗಿ ಹುಡುಕಾಟ ಇನ್ನೂ ಮುಗಿದಿಲ್ಲ.

ಇದೇ ಕ್ರಿಯೆಯಿಂದ ಉಪಕಾರವೂ ಉಂಟು. ಜಲಜನಕದ ಪ್ಲಾಸ್ಮಾಕ್ಕೆ ಸ್ವಲ್ಪ ಮೀಥೇನ್ ಬೆರೆಸಿ ಕೃತಕ ವಜ್ರದ ಪದರ ಬೆಳೆಸುತ್ತಾರೆ. ಅಲ್ಲಿ ಗ್ರಾಫೈಟ್ ಬೇಗ ಸವೆದುಹೋಗಿ ವಜ್ರ ಉಳಿಯುತ್ತದೆ. ತರಗತಿಯಲ್ಲಿ ಮೀಥೇನಿನ ಪಾಠ ಬಂದಾಗ ಟೋಕಮಾಕ್‌ನ ಗೋಡೆಯನ್ನೂ ನೆನಪಿಗೆ ತಂದುಕೊಳ್ಳಿ. ಅಲ್ಲಿ ಭೌತವಿಜ್ಞಾನಿಯಷ್ಟೇ ರಸಾಯನವಿಜ್ಞಾನಿಗೂ ಕೆಲಸವಿದೆ.