ಸಿಸ್ಟರ್ ಯಾಕೆ ಸುಮ್ಮನಾದರು?



ಮೈಕಿನ ಮುಂದೆ ಕೂತು ಹೊಟ್ಟೆ ಹೊರೆಯುವ ನಮ್ಮಂಥವರಿಗೆ ಮೌನ ಎಂದರೆ ಭಯ. ಸ್ಟುಡಿಯೋದಲ್ಲಿ ಹತ್ತು ಸೆಕೆಂಡು ಸದ್ದು ನಿಂತರೆ ಎಲ್ಲೋ ಏನೋ ಕೆಟ್ಟಿದೆ ಎಂದೇ ಅರ್ಥ. ಈ ಸಲ ನಿಮಗೆ ಹೇಳಹೊರಟಿರುವುದು ಅಂಥ ಒಂದು ಮೌನದ ವಿಷಯ.

ಕೆಲವು ವರ್ಷಗಳ ಹಿಂದೆ ನನ್ನ ಸೋದರಮಾವ ಮುಂಬಯಿಯ ಒಂದು ಆಸ್ಪತ್ರೆಯ ಐಸಿಯುನಲ್ಲಿದ್ದರು. ಎಪ್ಪತ್ತೆಂಟರ ವಯಸ್ಸು, ದೇಹದ ತುಂಬ ಹರಡಿದ ಕ್ಯಾನ್ಸರ್, ಬಾಯಲ್ಲಿ ವೆಂಟಿಲೇಟರಿನ ಕೊಳವೆ. ರಾತ್ರಿ ಪಾಳಿಯಲ್ಲಿ ಅವರನ್ನು ನೋಡಿಕೊಳ್ಳುತ್ತಿದ್ದವರು ಕಾರ್ಕಳ ಕಡೆಯ ಒಬ್ಬ ಸಿಸ್ಟರ್. ಆರನೆಯ ದಿನ ನಾನು ಅವರ ಹತ್ತಿರ, "ಸಿಸ್ಟರ್, ಏನೇನು ಸಾಧ್ಯವೋ ಎಲ್ಲಾ ಮಾಡಿ" ಎಂದೆ. ಅವರು ಏನೋ ಹೇಳಲು ಬಾಯಿ ತೆರೆದವರು ಹಾಗೇ ಸುಮ್ಮನಾದರು. ಹತ್ತನೆಯ ದಿನ ಮಾವ ಹೋದರು.

ಆ ಮೌನದ ಹಿಂದಿನ ಸಂಕಟಕ್ಕೆ ಒಂದು ಹೆಸರಿದೆ ಎಂದು ನನಗೆ ತಿಳಿದದ್ದು ಆಮೇಲೆ. ಅಮೆರಿಕದ ತತ್ವಶಾಸ್ತ್ರಜ್ಞ ಆಂಡ್ರ್ಯೂ ಜೇಮ್‌ಟನ್ 1984ರಲ್ಲಿ ನರ್ಸಿಂಗ್ ವೃತ್ತಿಯ ಬಗ್ಗೆ ಬರೆದ ಪುಸ್ತಕದಲ್ಲಿ ಅದನ್ನು 'ಮಾರಲ್ ಡಿಸ್ಟ್ರೆಸ್' ಎಂದು ಕರೆದರು. ನಾವು ನೈತಿಕ ಯಾತನೆ ಎನ್ನಬಹುದು. ಇದು ನಮಗೆಲ್ಲ ಗೊತ್ತಿರುವ ಧರ್ಮಸಂಕಟ ಅಲ್ಲ. ಧರ್ಮಸಂಕಟದಲ್ಲಿ ಎರಡು ದಾರಿಗಳಿದ್ದು, ಯಾವುದು ಸರಿ ಎಂದು ತೋಚುವುದಿಲ್ಲ. ಇಲ್ಲಿ ಯಾವುದು ಸರಿ ಎಂದು ಮನಸ್ಸಿಗೆ ಗೊತ್ತಿದೆ, ಆದರೆ ಹಾಗೆ ನಡೆಯಲು ಕೈ ಕಟ್ಟಿಹಾಕಿದಂತಿರುತ್ತದೆ.

ಐಸಿಯು ಒಳಗೆ ಇದು ಹೇಗೆ ನಡೆಯುತ್ತದೆ ನೋಡಿ. ಚಿಕಿತ್ಸೆ ಏನೆಂದು ತೀರ್ಮಾನಿಸುವವರು ಡಾಕ್ಟರು. ಬೇಕು, ಬೇಡ ಎನ್ನುವವರು ಮನೆಯವರು. ರೋಗಿಯ ಮೈ ಮುಟ್ಟಿ ಅದನ್ನು ಮಾಡಬೇಕಾದವರು ನರ್ಸ್. ಗಂಟಲ ಕೊಳವೆಯಲ್ಲಿ ಕಟ್ಟಿದ ಕಫವನ್ನು ಮತ್ತೆ ಮತ್ತೆ ಎಳೆದು ತೆಗೆಯಬೇಕು, ಪ್ರತಿಸಲವೂ ರೋಗಿ ಕೆಮ್ಮಿ ಒದ್ದಾಡುತ್ತಾರೆ. ಬೆನ್ನು ಹುಣ್ಣಾಗದಂತೆ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು. ಕೊಳವೆ ಕಿತ್ತುಕೊಳ್ಳದಂತೆ ಕೆಲವೊಮ್ಮೆ ಕೈಗಳನ್ನು ಮಂಚಕ್ಕೆ ಕಟ್ಟಬೇಕು. ರೋಗಿ ಗುಣವಾಗುವ ಹಾಗಿದ್ದರೆ ಇವೆಲ್ಲ ಸೇವೆ. ಸಾವು ಖಚಿತ ಎಂದು ಎಲ್ಲರಿಗೂ ಗೊತ್ತಾದ ಮೇಲೆ ಅದೇ ಕೆಲಸ ಅದೇ ಕೈಗಳಿಗೆ ಹಿಂಸೆಯಂತೆ ಕಾಣತೊಡಗುತ್ತದೆ. ಡಾಕ್ಟರು ರೌಂಡ್ಸ್ ಮುಗಿಸಿ ಹೋಗುತ್ತಾರೆ, ನಾವು ಭೇಟಿಯ ಸಮಯ ಮುಗಿದು ಹೊರಗೆ ಬರುತ್ತೇವೆ. ಸಿಸ್ಟರ್ ಮಾತ್ರ ಪಾಳಿ ಮುಗಿಯುವ ತನಕ ಅಲ್ಲೇ.

ನಮ್ಮ ದೇಶದಲ್ಲಿ ಇದರ ಇನ್ನೊಂದು ಮುಖವೂ ಇದೆ. ಉಳಿಯಬಹುದಾದ ರೋಗಿಯನ್ನು ಹಣ ಮುಗಿಯಿತೆಂದು ಮನೆಯವರು ಸಹಿ ಹಾಕಿ ಕರೆದೊಯ್ಯುತ್ತಾರೆ. ಆಗ ಕೊಳವೆ ತೆಗೆದು ಕಳಿಸಿಕೊಡಬೇಕಾದವರೂ ನರ್ಸೇ. ಒಂದು ಕಡೆ ನಿಲ್ಲಿಸಬಾರದೇ ಎನ್ನಿಸುತ್ತದೆ, ಇನ್ನೊಂದು ಕಡೆ ನಿಲ್ಲಿಸಬಾರದಿತ್ತು ಎನ್ನಿಸುತ್ತದೆ.

ಮನೆಗೆ ಹೋಗಿ ಮಲಗಿ ಎದ್ದರೆ ಆಯಾಸ ಹೋದೀತು, ಇದು ಹೋಗುವುದಿಲ್ಲ. ಎಪ್‌ಸ್ಟೈನ್ ಮತ್ತು ಹ್ಯಾಮ್ರಿಕ್ ಎಂಬ ಇಬ್ಬರು ನರ್ಸಿಂಗ್ ವಿದ್ವಾಂಸರು 2009ರಲ್ಲಿ ಇದನ್ನು ವಿವರಿಸಿದರು. ಒಂದು ಪ್ರಕರಣ ಮುಗಿದರೂ ಪಾತ್ರೆಯ ತಳದಲ್ಲಿ ಗಸಿ ಉಳಿದಂತೆ ಮನಸ್ಸಿನಲ್ಲಿ ಸ್ವಲ್ಪ ಉಳಿಯುತ್ತದೆ. ಮುಂದಿನ ಸಂಕಟ ಅದರ ಮೇಲಿನಿಂದ ಶುರುವಾಗುತ್ತದೆ. ಹಾಗೆ ಏರುತ್ತ ಏರುತ್ತ ಕೆಲವರು ಕಲ್ಲಾಗುತ್ತಾರೆ, ಕೆಲವರು ಕೆಲಸವನ್ನೇ ಬಿಡುತ್ತಾರೆ.

ಹಾಗಾದರೆ ನರ್ಸುಗಳಿಗೆ ರೋಗಿ ಬೇಗ ಹೋಗಲಿ ಎಂಬ ಆಸೆಯೇ? ಖಂಡಿತ ಅಲ್ಲ. ಮುಂಬಯಿಯವರಾದ ನಮಗೆ ಅರುಣಾ ಶಾನಭಾಗ ಹೆಸರು ಗೊತ್ತು. ನಮ್ಮ ಹೊನ್ನಾವರ ತಾಲ್ಲೂಕಿನ ಹಳದೀಪುರದ ಹುಡುಗಿ, ಕೆಇಎಂ ಆಸ್ಪತ್ರೆಯ ನರ್ಸ್. 1973ರ ನವೆಂಬರಿನಲ್ಲಿ ಆದ ಅಮಾನುಷ ಹಲ್ಲೆಯಿಂದ ಹಾಸಿಗೆ ಹಿಡಿದವರನ್ನು 2015ರ ಮೇ 18ರಂದು ಕಣ್ಮುಚ್ಚುವವರೆಗೂ, ನಲವತ್ತೊಂದು ವರ್ಷಕ್ಕೂ ಮೇಲೆ, ಅಲ್ಲಿನ ಸಿಸ್ಟರುಗಳೇ ತುತ್ತಿಟ್ಟು ಸಾಕಿದರು. ದಯಾಮರಣದ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ ಬೇಡ ಎಂದವರೂ ಅವರೇ. 2011ರ ತೀರ್ಪಿನಲ್ಲಿ ಕೋರ್ಟು ಅವರ ಮಾತಿಗೆ ಬೆಲೆ ಕೊಟ್ಟಿತು. ದಿನವೂ ರೋಗಿಯನ್ನು ಮುಟ್ಟಿ ನೋಡಿದವರ ಮಾತನ್ನು ಯಾರಾದರೂ ಕೇಳುತ್ತಾರೆಯೇ ಎಂಬುದೇ ಇಲ್ಲಿ ಮುಖ್ಯ.

ಕಾನೂನು ಅಂದಿನಿಂದ ಮುಂದೆ ಬಂದಿದೆ. ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ಒಪ್ಪಿತು. ಮುಂದೆ ತನಗೆ ಎಂಥ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಪತ್ರಕ್ಕೂ ಮಾನ್ಯತೆ ಸಿಕ್ಕಿತು. 2023ರಲ್ಲಿ ಆ ವಿಧಾನ ಸರಳವಾಯಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಚಿಕಿತ್ಸೆ ನಿಲ್ಲಿಸುವ ಮೊದಲು ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು.

ಆಸ್ಪತ್ರೆಗಳು ಮಾಡಬಹುದಾದ ಸಣ್ಣ ಕೆಲಸಗಳೂ ಇವೆ. ಮನೆಯವರ ಜೊತೆ ಡಾಕ್ಟರು ಮಾತಾಡುವಾಗ ಆ ರೋಗಿಯ ನರ್ಸನ್ನೂ ಕೂರಿಸಿಕೊಳ್ಳುವುದು. ನೋವು ಶಮನ ಮಾಡುವ ಪ್ಯಾಲಿಯೇಟಿವ್ ತಂಡವನ್ನು ಕಡೆಯ ದಿನದವರೆಗೆ ಕಾಯದೆ ಕರೆಸುವುದು. ಅಮೆರಿಕದ ವರ್ಜೀನಿಯಾದಲ್ಲಿ ಜೊನಾಥನ್ ಬಾರ್ಟೆಲ್ಸ್ ಎಂಬ ನರ್ಸ್ ಒಂದು ಪದ್ಧತಿ ತಂದರು. ರೋಗಿ ತೀರಿಕೊಂಡ ಕೂಡಲೇ ಮಂಚದ ಸುತ್ತ ಇರುವವರೆಲ್ಲ ಒಂದು ನಿಮಿಷದಷ್ಟು ಹೊತ್ತು ಸುಮ್ಮನೆ ನಿಲ್ಲುವುದು, ಅಷ್ಟೇ. ಆಮೇಲೆ ಮುಂದಿನ ಮಂಚಕ್ಕೆ.

ಇನ್ನು ನೀವು, ನಾನು? ಮಾವನ ವೈಕುಂಠ ಸಮಾರಾಧನೆ ಮುಗಿದ ಮೇಲೆ ಬಾಕಿ ಕಾಗದಪತ್ರಕ್ಕೆಂದು ಆ ಆಸ್ಪತ್ರೆಗೆ ಹೋದಾಗ ಸಿಸ್ಟರ್ ಸಿಕ್ಕರು. ಅಂದು ಏನು ಹೇಳಲು ಹೊರಟಿದ್ದಿರಿ ಎಂದು ಕೇಳಿದೆ. "ನೀವು 'ಮಾಡಿ' ಅಂದ್ರಿ, ಮಾಡಿದೆ. ಅವರಿಗೆ ಹೇಗಾಗ್ತಿದೆ ಅಂತ ಕೇಳಿದ್ರೆ ಹೇಳ್ತಿದ್ದೆ" ಎಂದರು. ಸಿಟ್ಟಿನಿಂದಲ್ಲ, ಮೆಲ್ಲಗೆ.

ಮಿತ್ರರೇ, ನಮ್ಮವರು ಐಸಿಯುನಲ್ಲಿರುವಾಗ ಡಾಕ್ಟರಿಗೆ ಕೇಳುವ ಪ್ರಶ್ನೆಗಳನ್ನು ಕೇಳಿ. ಹಾಗೆಯೇ ಸಿಸ್ಟರ್ ಹತ್ತಿರವೂ ಒಂದು ಮಾತು ಕೇಳಿ, "ರಾತ್ರಿ ಹೇಗಿದ್ದರು?" ಕೇಳಿದ ಮೇಲೆ ಉತ್ತರಕ್ಕೆ ಸ್ವಲ್ಪ ಕಾಯಿರಿ. ಅದಕ್ಕಿಂತ ಮೊದಲು, ಮನೆಯ ಹಿರಿಯರು ಚೆನ್ನಾಗಿರುವಾಗಲೇ ಒಂದು ಭಾನುವಾರ ಕಾಫಿ ಕುಡಿಯುತ್ತ ಅವರಿಗೇನು ಬೇಕೆಂದು ಕೇಳಿಟ್ಟುಕೊಳ್ಳಿ. ನಾನು ಮಾವನನ್ನು ಕೇಳಿರಲಿಲ್ಲ.

ಮತ್ತೆ ಸಿಗೋಣ. ಅಲ್ಲಿಯವರೆಗೆ ಕೇಳುತ್ತಲೇ ಇರಿ.