ಏಳೂವರೆಯ ಪಂದ್ಯ, ಹತ್ತೂವರೆಯ ಬಸ್ಸು

ಮಣಿಪಾಲದ ಎಂಡ್ ಪಾಯಿಂಟ್ ಮೈದಾನದಲ್ಲಾಗಲಿ, ಉಡುಪಿಯ ಅಜ್ಜರಕಾಡಿನಲ್ಲಾಗಲಿ, ಸಂಜೆ ಆಡಿ ಮುಗಿಸಿದ ಫುಟ್‌ಬಾಲ್ ಹುಡುಗರು ಮನೆಗೆ ಹೋಗುವ ಮುನ್ನ ಒಂದು ವಾದ ಮಾಡಿಯೇ ಹೋಗುತ್ತಾರೆ. ಬೆಂಗಳೂರು ಎಫ್‌ಸಿ ತನ್ನದೇ ಒಂದು ಕ್ರೀಡಾಂಗಣ ಕಟ್ಟುವುದಾದರೆ ಎಲ್ಲಿ ಕಟ್ಟಬೇಕು? ಜಾಗ ಇವರದಲ್ಲ, ದುಡ್ಡು ಇವರದಲ್ಲ, ಊರೂ ಇವರದಲ್ಲ. ಆದರೂ ವಾದದ ಬಿಸಿ ನೋಡಿದರೆ ನಾಳೆ ಬೆಳಿಗ್ಗೆಯೇ ಭೂಮಿಪೂಜೆ ಇದೆಯೇನೋ ಎನ್ನಬೇಕು.

ಬೆಂಗಳೂರಿನ ಅಭಿಮಾನಿಗೆ ಈ ಪ್ರಶ್ನೆ ಮೆಟ್ರೊ ಮತ್ತು ಪಾರ್ಕಿಂಗಿನದು. ಕರಾವಳಿಯವರಿಗೆ ರಾತ್ರಿ ಬಸ್ಸಿನದು. ಪಂದ್ಯ ಏಳೂವರೆಗೆ ಶುರುವಾಗಿ ಒಂಬತ್ತೂವರೆಯ ಹೊತ್ತಿಗೆ ಮುಗಿಯುತ್ತದೆ. ಪಂಚಗಂಗಾ ಎಕ್ಸ್‌ಪ್ರೆಸ್ ಅಷ್ಟರಲ್ಲಿ ಬೆಂಗಳೂರು ಬಿಟ್ಟಾಗಿರುತ್ತದೆ. ಉಳಿಯುವುದು ಹತ್ತು, ಹತ್ತೂವರೆಯ ಬಸ್ಸು. ತಂಡ ಈಗ ಆಡುವ ಕಂಠೀರವ ಕ್ರೀಡಾಂಗಣದಿಂದ ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೆ ಮೂರು ಕಿಲೋಮೀಟರ್ ಆಸುಪಾಸು; ಆಟೊ ಸಿಗದಿದ್ದರೆ ಬಿರುಸಾಗಿ ನಡೆದರೂ ಬಸ್ಸು ಹಿಡಿಯಬಹುದು. ಶಿರಾಡಿಯಲ್ಲಿ ಲಾರಿ ಅಡ್ಡ ನಿಲ್ಲದಿದ್ದರೆ ಬೆಳಗಿನ ಕಾಫಿ ಕಾಪುವಿನಲ್ಲಿ. ಕಾರ್ಕಳದವರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ರಜೆ ಹಾಕದೆ, ಲಾಡ್ಜಿಗೆ ದುಡ್ಡು ಸುರಿಯದೆ ಪಂದ್ಯ ನೋಡಿ ಬರಲು ಸಾಧ್ಯವಾಗಿರುವುದು ಮೈದಾನ ಬಸ್ ನಿಲ್ದಾಣದ ಮಗ್ಗುಲಲ್ಲಿ ಇರುವುದರಿಂದ.

ಅಂದಹಾಗೆ ಮೆಜೆಸ್ಟಿಕ್ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಸಂಪಂಗಿಯ ನೀರಿನಲ್ಲಿ ಉಳಿದದ್ದು ಕರಗದ ವಿಧಿಗೆಂದು ಬಿಟ್ಟ ಒಂದು ಚಿಕ್ಕ ಕೊಳ ಮಾತ್ರ. ನಗರದ ನಡುವೆ ಇಷ್ಟು ದೊಡ್ಡ ಬಯಲು ಸಿಕ್ಕ ಗುಟ್ಟು ಅದೇ. ಇನ್ನೊಮ್ಮೆ ಹಾಗೆ ಸಿಗುವುದಿಲ್ಲ, ಸಿಗಲೂ ಬಾರದು.

ಕ್ಲಬ್ಬು ಹುಟ್ಟಿದ್ದು ಕಂಠೀರವದಲ್ಲಲ್ಲ. 2013ರಲ್ಲಿ ಜೆಎಸ್‌ಡಬ್ಲ್ಯು ಬಳಗ ತಂಡ ಕಟ್ಟಿದಾಗ ಮನೆಯಂಗಳವಾದದ್ದು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣ, ರಾಜ್ಯ ಫುಟ್‌ಬಾಲ್ ಸಂಸ್ಥೆಯ ಹಳೆಯ ನೆಲೆ. ಮೊದಲ ಪಂದ್ಯದಲ್ಲಿ ಎದುರಾಳಿ ಮೋಹನ್ ಬಾಗಾನ್, ಫಲಿತಾಂಶ 1–1. ಕೆಲವೇ ಸಾವಿರ ಜನ ಹಿಡಿಯುವ, ಕೃತಕ ಹುಲ್ಲಿನ ಪುಟ್ಟ ಅಂಗಳ ಅದು. ಆದರೆ ಗ್ಯಾಲರಿಯಲ್ಲಿ ಕೂತವನಿಗೆ ಆಟಗಾರ ಚೆಂಡು ಒದ್ದ ಸದ್ದು ಕೇಳುತ್ತಿತ್ತು, ಆಟಗಾರನಿಗೆ ಗ್ಯಾಲರಿಯ ಬೈಗುಳ ಕೇಳುತ್ತಿತ್ತು. ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗ ಬೆಳೆದದ್ದು ಅಲ್ಲಿನ ಪಶ್ಚಿಮದ ಮೆಟ್ಟಿಲುಗಳ ಮೇಲೆ. ಮೊದಲ ವರ್ಷವೇ ತಂಡ ಐ–ಲೀಗ್ ಗೆದ್ದುಬಿಟ್ಟಿತು. ಏಷ್ಯಾ ಮಟ್ಟದ ಟೂರ್ನಿಗಳಿಗೆ ಹೋಗುವ ಹೊತ್ತಿಗೆ ಅಶೋಕನಗರ ಸಾಲದಾಗಿ ಕಂಠೀರವಕ್ಕೆ ಬಿಡಾರ ಬದಲಾಯಿತು.

ಕಂಠೀರವ ಕೊಟ್ಟ ರಾತ್ರಿಗಳನ್ನು ಯಾರೂ ಅಲ್ಲಗಳೆಯುವುದಿಲ್ಲ. 2016ರ ಅಕ್ಟೋಬರ್ 19ರಂದು ಮಲೇಷ್ಯಾದ ಜೊಹೊರ್ ತಂಡವನ್ನು 3–1ರಿಂದ ಮಣಿಸಿ, ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ಎನಿಸಿಕೊಂಡದ್ದು ಇಲ್ಲಿ. ಸುನಿಲ್ ಚೆಟ್ರಿ ಅಂದು ಎರಡು ಗೋಲು ಹೊಡೆದಿದ್ದರು. 2018ರ ಐಎಸ್‌ಎಲ್ ಫೈನಲ್‌ನಲ್ಲಿ ಚೆನ್ನೈಯಿನ್‌ಗೆ 2–3ರಿಂದ ಸೋತು ತಲೆ ತಗ್ಗಿಸಿದ್ದೂ ಇಲ್ಲೇ. 2023ರ ಜುಲೈನಲ್ಲಿ ಭಾರತ ಕುವೈತ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಸ್ಯಾಫ್ ಕಪ್ ಎತ್ತಿದ್ದೂ ಇದೇ ಹುಲ್ಲಿನ ಮೇಲೆ. ಇಷ್ಟಿದ್ದೂ ಅಭಿಮಾನಿ ಯಾಕೆ ಬೇರೆ ಮೈದಾನ ಕೇಳುತ್ತಾನೆ?

ಉತ್ತರ ನೋಡಲು ಬೆಂಗಳೂರಿಗೆ ಹೋಗಬೇಕಿಲ್ಲ, ಅಜ್ಜರಕಾಡಿಗೆ ಹೋದರೆ ಸಾಕು. ಗಾಂಧೀಜಿ 1934ರಲ್ಲಿ ಬಂದು ಮಾತನಾಡಿದ ಅಜ್ಜರಕಾಡಿನಲ್ಲಿ ಈಗ ಅವರ ಹೆಸರಿನ ಜಿಲ್ಲಾ ಕ್ರೀಡಾಂಗಣವಿದೆ, ಸುತ್ತ ಸಿಂಥೆಟಿಕ್ ಟ್ರ್ಯಾಕ್. ಕಂಠೀರವದ ಮೂಲ ನಕ್ಷೆಯೂ ಅದೇ. ನಾನೂರು ಮೀಟರಿನ ಟ್ರ್ಯಾಕಿಗೆ ಒಂದು ಗೊತ್ತಾದ ಅಳತೆಯಿದೆ: ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.5 ಮೀಟರ್. ಅದರ ಹೊಟ್ಟೆಯಲ್ಲಿ 105 ಮೀಟರ್ ಉದ್ದ, 68 ಮೀಟರ್ ಅಗಲದ ಫುಟ್‌ಬಾಲ್ ಅಂಗಳ ತೂರಿಸಬೇಕು. ಕೂರುತ್ತದೆ, ಆದರೆ ಮೈ ಹಿಡಿ ಮಾಡಿಕೊಂಡು. ನಾಲ್ಕು ಮೂಲೆಗಳೂ ಟ್ರ್ಯಾಕಿನ ಒಳಗೆರೆಗೆ ಮೀಟರ್ ಅಂತರದಲ್ಲಿ ಬಂದು ನಿಲ್ಲುತ್ತವೆ. ಕಾರ್ನರ್ ಕಿಕ್ ಹೊಡೆಯುವವನು ಹುಲ್ಲಿನಿಂದ ಹೊರಬಂದು, ಓಟಗಾರರ ಗೆರೆಗಳ ಮೇಲೆ ಹಿಂದೆ ಸರಿದು ಓಡಿ ಬರಬೇಕು. ಅದೇ ಗೋಲಿನ ಹಿಂದೆ ನೋಡಿದರೆ ಗೋಲು ಗೆರೆಯಿಂದ ಟ್ರ್ಯಾಕಿಗೆ 26 ಮೀಟರ್, ಅದರಾಚೆ ಎಂಟು ಪಥಗಳ ಸುಮಾರು ಹತ್ತು ಮೀಟರ್. ಮೊದಲ ಸಾಲಿನ ಕುರ್ಚಿಯೇ 36 ಮೀಟರ್ ದೂರ ಎಂದಾಯಿತು. ಬದಿಯ ಗ್ಯಾಲರಿಗಳ ಪಾಡು ವಾಸಿ, ಆದರೂ ಹನ್ನೆರಡು ಮೀಟರಿಗಿಂತ ಹತ್ತಿರ ಬರುವಂತಿಲ್ಲ. ಅಲ್ಲಿಂದ ಆಫ್‌ಸೈಡ್ ತೀರ್ಪು ಹೇಳುವವರು ನಂಬಿಕೆಯ ಮೇಲೆ ಹೇಳುತ್ತಾರೆ.

ಕಂಬಳ ನೋಡಿದವರಿಗೆ ಈ ದೂರ ಯಾಕೆ ಸಹಿಸದು ಎಂದು ವಿವರಿಸಬೇಕಾಗಿಲ್ಲ. ಕಾರ್ಕಳದ ಮಿಯ್ಯಾರಿನಲ್ಲೋ ಕಟಪಾಡಿ ಬೀಡಿನಲ್ಲೋ ಕೋಣ ಓಡುವ ಕರೆಯ ಅಂಚಿಗೆ ನಿಂತರೆ ಕೆಸರು ಅಂಗಿಗೆ ಹಾರುತ್ತದೆ, ಕೋಣದ ಉಸಿರು ಕೇಳುತ್ತದೆ. ನೋಡುವವನಿಗೂ ಓಡುವವನಿಗೂ ನಡುವೆ ನಾಲ್ಕು ಮಾರು ಅಂತರ. ಇಂಥದ್ದರಲ್ಲಿ ಬೆಳೆದ ಕಣ್ಣನ್ನು ಮೂವತ್ತಾರು ಮೀಟರ್ ಹಿಂದೆ ಕೂರಿಸಿ ಕೇಕೆ ಹಾಕು ಎಂದರೆ ಹೇಗೆ?

ಆದರೆ ಈ ಜಗಳದಲ್ಲಿ ಕರಾವಳಿಯವರು ಒಂದೇ ಪಕ್ಷ ಹಿಡಿಯುವಂತಿಲ್ಲ. ಟ್ರ್ಯಾಕ್ ಅಡ್ಡ ಬಂದಿದೆ ಎನ್ನುವ ನಾವೇ ಆ ಟ್ರ್ಯಾಕಿಗೆ ಓಟಗಾರರನ್ನು ಕಳಿಸುವವರು. 2014 ಮತ್ತು 2018ರ ಏಷ್ಯನ್ ಕ್ರೀಡಾಕೂಟಗಳಲ್ಲಿ ರಿಲೇ ಚಿನ್ನ ಗೆದ್ದ ಎಂ. ಆರ್. ಪೂವಮ್ಮ ಮಂಗಳೂರಿನಲ್ಲಿ ಬೆಳೆದವರು. ಕಾರ್ಕಳದಿಂದ ಅರ್ಧ ಗಂಟೆಯ ದಾರಿಯ ಮೂಡುಬಿದಿರೆ ರಾಜ್ಯದ ಅಥ್ಲೆಟಿಕ್ಸ್‌ನ ದೊಡ್ಡ ಗರಡಿ. ರಾಜ್ಯಕೂಟಕ್ಕೆ ಆಯ್ಕೆಯಾದ ಇಲ್ಲಿನ ಹುಡುಗಿಗೆ ಕಂಠೀರವವೆಂದರೆ ಚೆಟ್ರಿಯ ಅಂಗಳವಲ್ಲ, ತನ್ನ ಅಂಗಳ. ಫುಟ್‌ಬಾಲ್ ಬಂದ ಮೇಲೆ ಕಂಠೀರವದಲ್ಲಿ ಪಂದ್ಯದ ದಿನಗಳಲ್ಲಿ ಓಟಗಾರರು ಹೊರಗೆ ನಿಲ್ಲಬೇಕಾಯಿತು. ಅದಕ್ಕಿಂತ ಹೆಚ್ಚು ಪೆಟ್ಟು ಬಿದ್ದದ್ದು ಎಸೆತದವರಿಗೆ. ಹ್ಯಾಮರ್, ಡಿಸ್ಕಸ್, ಜಾವೆಲಿನ್ ಬಂದು ಬೀಳುವುದು ಆ ಹುಲ್ಲಿನ ಮೇಲೆಯೇ. ಒಂದು ಹ್ಯಾಮರ್ ತೋಡಿದ ಗುಂಡಿಯಲ್ಲಿ ಫುಟ್‌ಬಾಲ್ ಆಟಗಾರನ ಪಾದ ಹೊರಳಬಹುದು. ಹುಲ್ಲು ಕಾಯುವವನ ಮಾತೂ ಸರಿ, ಹ್ಯಾಮರ್ ಹಿಡಿದವನ ಮಾತೂ ಸರಿ. ಕೋಚ್‌ಗಳ, ಅಥ್ಲೀಟ್‌ಗಳ ತಕರಾರು ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿತು. ಫುಟ್‌ಬಾಲ್, ಅಥ್ಲೆಟಿಕ್ಸ್ ಎರಡೂ ಸದಾ ಒಂದೇ ಅಂಗಳದಲ್ಲಿ ಬಾಳಬೇಕು ಎಂದದ್ದೇ ತಪ್ಪು.

2019ರಲ್ಲಿ ಈ ಎಳೆದಾಟ ತುದಿ ಮುಟ್ಟಿತು. ಕಂಠೀರವ ಸಿಗುವುದೇ ಅನುಮಾನ, ತಂಡ ಪುಣೆಯಲ್ಲಿ ಆಡಬಹುದು ಎಂಬ ಸುದ್ದಿ ಹಬ್ಬಿತು. ಅಭಿಮಾನಿಗಳ ಗಾಬರಿಗೆ ಕಾರಣವಿತ್ತು. ಅದೇ ವರ್ಷ ಡೆಲ್ಲಿ ಡೈನಮೋಸ್ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಪುಣೆಯ ತಂಡದ ಜಾಗದಲ್ಲಿ ಹೈದರಾಬಾದ್ ಎಫ್‌ಸಿ ಎದ್ದಿತು, 2025ರಲ್ಲಿ ಅದೂ ಗಂಟುಮೂಟೆ ಕಟ್ಟಿ ದೆಹಲಿಗೆ ಹೊರಟಿತು. ನಮ್ಮಲ್ಲಿ ಕ್ಲಬ್ಬಿಗೆ ಸ್ವಂತ ನೆಲವಿಲ್ಲ, ಇರುವುದು ಬಾಡಿಗೆಯ ನೆಲ. ಬಾಡಿಗೆ ಮನೆಯವನಿಗೆ ಊರು ಬಿಡುವುದು ಸುಲಭ. ಇಂಗ್ಲೆಂಡಿನ ವಿಂಬಲ್ಡನ್ ತಂಡವನ್ನು 2003ರಲ್ಲಿ ಮಿಲ್ಟನ್ ಕೀನ್ಸ್ ಪಟ್ಟಣಕ್ಕೆ ಒಯ್ದಾಗ ಅಭಿಮಾನಿಗಳು ಹಿಂದೆ ಹೋಗಲಿಲ್ಲ. ಹಿಂದಿನ ವರ್ಷವೇ ತಮ್ಮದೇ ಕ್ಲಬ್ಬು ಕಟ್ಟಿಕೊಂಡಿದ್ದರು. ಕೆಳಗಿನ ಲೀಗುಗಳಿಂದ ಹತ್ತಿ ಬಂದು 2020ರಲ್ಲಿ ಹಳೆಯ ಬೀದಿ ಪ್ಲೌ ಲೇನ್‌ಗೆ ಮರಳಿದರು. ನಮ್ಮವರಿಗೆ ಅಷ್ಟು ಕಷ್ಟ ಬರಲಿಲ್ಲ. ಕಂಠೀರವ ಸಿಕ್ಕಿತು. ಆದರೆ ಸ್ವಂತ ಮನೆಯ ಮಾತು ಅಲ್ಲಿಂದಾಚೆ ನಿಲ್ಲಲಿಲ್ಲ.

ಹಾಗಾದರೆ ಎಲ್ಲಿ? ಫುಟ್‌ಬಾಲ್ ಅಂಗಳಕ್ಕೆ ಬೇಕಿರುವುದು ಒಂದೂಮುಕ್ಕಾಲು ಎಕರೆ. ಜಾಗ ನುಂಗುವುದು ಗ್ಯಾಲರಿ, ಗೇಟು, ವಾಹನ ನಿಲುಗಡೆ. ಊರ ಹೊರಗೆ ಹೋಗೋಣ ಎನ್ನುವವರ ದನಿ ಈಚೆಗೆ ಗಟ್ಟಿಯಾಗಿದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತ ಮೇಲೆ ನಗರದ ನಡುವಿನ ಮೈದಾನಗಳನ್ನು ಎಲ್ಲರೂ ಅನುಮಾನದಿಂದ ನೋಡತೊಡಗಿದರು. ಬೊಮ್ಮಸಂದ್ರದ ಸೂರ್ಯನಗರದಲ್ಲಿ 80 ಸಾವಿರ ಆಸನಗಳ ಕ್ರೀಡಾ ಸಂಕೀರ್ಣದ ಯೋಜನೆ ಸರ್ಕಾರದ ಮೇಜಿಗೆ ಬಂತು. ಅದು ಕ್ರಿಕೆಟ್ಟಿನ ದುಃಖದಿಂದ ಹುಟ್ಟಿದ ಯೋಜನೆ; ಫುಟ್‌ಬಾಲಿಗೂ ಅಲ್ಲೊಂದು ಮೂಲೆ ಕೊಡಲಿ ಎಂದು ಕೆಲವರು. ಅದೇ ವರ್ಷದ ಆಗಸ್ಟಿನಲ್ಲಿ ಹಳದಿ ಮೆಟ್ರೊ ಬೊಮ್ಮಸಂದ್ರಕ್ಕೆ ಓಡಾಟ ಶುರುಮಾಡಿದ್ದರಿಂದ ಆ ವಾದಕ್ಕೆ ಕಾಲೂ ಬಂತು.

ಕರಾವಳಿಯ ಬಸ್ಸು ಹಿಡಿಯುವವನಿಗೆ ಮಾತ್ರ ಅದು ತಿರುಗುಮುರುಗು ದಾರಿ. ಬೊಮ್ಮಸಂದ್ರ ಹೊಸೂರು ರಸ್ತೆಯಲ್ಲಿ, ನಮ್ಮ ಬಸ್ಸು ಹೊರಡುವುದು ನೆಲಮಂಗಲದ ಕಡೆಗೆ. ಒಂಬತ್ತೂವರೆಗೆ ಶಿಳ್ಳೆ ಊದಿದರೆ, ಮೆಟ್ರೊ ಹತ್ತಿ, ಆರ್‌.ವಿ. ರಸ್ತೆಯಲ್ಲಿ ಗಾಡಿ ಬದಲಿಸಿ ಮೆಜೆಸ್ಟಿಕ್ ತಲುಪುವಾಗ ಬಸ್ಸು ಗೊರಗುಂಟೆಪಾಳ್ಯ ದಾಟಿರುತ್ತದೆ. ದೇವನಹಳ್ಳಿಯಲ್ಲಿ ಕಟ್ಟಿದರೂ ಕಥೆ ಅಷ್ಟೆ. ಊರ ಹೊರಗೇ ಕಟ್ಟುವುದಿದ್ದರೆ ಮಾದಾವರದಲ್ಲಿ ಕಟ್ಟಲಿ: 2024ರ ನವೆಂಬರಿನಿಂದ ಹಸಿರು ಮೆಟ್ರೊ ಅಲ್ಲಿಗೆ ಹೋಗುತ್ತದೆ, ಉಡುಪಿ ಬಸ್ಸು ಗೇಟಿನ ಮುಂದೆಯೇ ಹಾಯುತ್ತದೆ. ಇದು ಶುದ್ಧ ಸ್ವಾರ್ಥದ ಸಲಹೆ. ಆದರೆ ಕ್ರೀಡಾಂಗಣದ ವಾದದಲ್ಲಿ ಸ್ವಾರ್ಥವಿಲ್ಲದ ಸಲಹೆ ಕೊಟ್ಟವರನ್ನು ನಾನಂತೂ ಕಂಡಿಲ್ಲ. ಮಂಗಳೂರಿಗೇ ಬರಲಿ ಎನ್ನುವವರೂ ಇದ್ದಾರೆ. ಮಂಗಳಾ ಕ್ರೀಡಾಂಗಣ ಇದೆಯಲ್ಲ ಎನ್ನುತ್ತಾರೆ. ಅಲ್ಲೂ ಸುತ್ತ ಟ್ರ್ಯಾಕ್ ಇದೆ ಎಂದೊಡನೆ ಸುಮ್ಮನಾಗುತ್ತಾರೆ.

ದೊಡ್ಡದು ಕಟ್ಟಿದರೆ ಜನ ಬರುತ್ತಾರೆ ಎಂಬ ಹುಮ್ಮಸ್ಸಿಗೆ ಇಟಲಿಯ ಯುವೆಂಟಸ್ ಕಥೆ ತಣ್ಣೀರು ಎರಚುತ್ತದೆ. 1990ರ ವಿಶ್ವಕಪ್ಪಿಗೆಂದು ಟುರಿನ್ ನಗರದ ಅಂಚಿನಲ್ಲಿ ಡೆಲ್ಲೆ ಆಲ್ಪಿ ಎಂಬ ಭಾರಿ ಕ್ರೀಡಾಂಗಣ ಎದ್ದಿತು, ಸುತ್ತ ಟ್ರ್ಯಾಕ್ ಸಮೇತ. ದೇಶದ ಅತಿ ದೊಡ್ಡ ಕ್ಲಬ್ಬಿನ ಅಭಿಮಾನಿಗಳೇ ಅದನ್ನು ಒಪ್ಪಲಿಲ್ಲ. ಒಂದು ಕಪ್ ಪಂದ್ಯಕ್ಕೆ ಬಂದವರು 237 ಮಂದಿ. ಕೊನೆಗೆ ಅದನ್ನು ಕೆಡವಿ, ಅದೇ ಜಾಗದಲ್ಲಿ 41 ಸಾವಿರ ಜನರ, ಟ್ರ್ಯಾಕ್ ಇಲ್ಲದ ಚಿಕ್ಕ ಮನೆ ಕಟ್ಟಿ 2011ರಲ್ಲಿ ಒಕ್ಕಲಾದರು. ಅದು ತುಂಬತೊಡಗಿತು. ಲಂಡನ್ನಿನ ವೆಸ್ಟ್ ಹ್ಯಾಮ್ ತದ್ವಿರುದ್ಧ ಹಾದಿ ಹಿಡಿಯಿತು: ಬೀದಿ ನಡುವಿನ ಇಕ್ಕಟ್ಟಾದ ಅಪ್ಟನ್ ಪಾರ್ಕ್ ಬಿಟ್ಟು 2016ರಲ್ಲಿ ಒಲಿಂಪಿಕ್ ಕ್ರೀಡಾಂಗಣಕ್ಕೆ ಹೋಯಿತು. ಅಲ್ಲಿನ ಅಭಿಮಾನಿಗಳು ಅಂಗಳದ ದೂರವನ್ನು ಇಂದಿಗೂ ಶಪಿಸುತ್ತಾರೆ.

ಹಾಗಾಗಿ ನನ್ನ ಮತ ಅಶೋಕನಗರಕ್ಕೆ. ಇದ್ದ ಜಾಗದಲ್ಲೇ ಕೆಡವಿ, ಮೇಲಕ್ಕೆ ಎತ್ತಿ, ಹದಿನೈದು ಸಾವಿರ ಜನ ಕೂರುವಂತೆ ಕಟ್ಟಲಿ. ಕಂಠೀರವವನ್ನು ಓಡುವವರಿಗೆ, ಎಸೆಯುವವರಿಗೆ ಬಿಟ್ಟುಕೊಡಲಿ. ಇದಕ್ಕೊಂದು ಗಟ್ಟಿ ಆಕ್ಷೇಪವಿದೆ, ಅದನ್ನು ಮುಚ್ಚಿಡುವುದಿಲ್ಲ. ಅಶೋಕನಗರ ಬೆಂಗಳೂರಿನ ಸ್ಥಳೀಯ ಲೀಗುಗಳ ಜೀವನಾಡಿ. ಸೂಪರ್ ಡಿವಿಷನ್ ಪಂದ್ಯಗಳು ಅಲ್ಲೇ ನಡೆಯುತ್ತವೆ, ಐ–ಲೀಗಿಗೆ ಏರಿದ ಎಸ್‌ಸಿ ಬೆಂಗಳೂರು ಆಡಿದ್ದೂ ಅಲ್ಲೇ. ಕೃತಕ ಹುಲ್ಲು ಹಾಸಿದ್ದರಿಂದ ಅಷ್ಟೊಂದು ಕಾಲುಗಳ ತುಳಿತ ತಡೆಯುತ್ತದೆ. ಅಲ್ಲಿ ದೊಡ್ಡ ಕ್ಲಬ್ಬು ಬಂದು ಕೂತು ನಿಜ ಹುಲ್ಲು ಬೆಳೆಸಿದರೆ, ಕಂಠೀರವದಲ್ಲಿ ಹ್ಯಾಮರ್ ಎಸೆಯುವವನಿಗೆ ಆದದ್ದೇ ಇಲ್ಲಿ ಬಡ ಕ್ಲಬ್ಬುಗಳಿಗೆ ಆದೀತು. ಅವರಿಗೆ ಮೊದಲು ಎರಡು ಒಳ್ಳೆಯ ಮೈದಾನ ಕೊಟ್ಟು, ಆಮೇಲೆ ಬುಲ್ಡೋಜರ್ ತರಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಬುಲ್ಡೋಜರ್ ಮೊದಲು ಬರುತ್ತದೆ.

ಇನ್ನು ದುಡ್ಡು. 2025ರ ಆಗಸ್ಟಿನಲ್ಲಿ ಐಎಸ್‌ಎಲ್ ಮುಂದೆ ನಡೆಯುತ್ತದೆಯೋ ಇಲ್ಲವೋ ಎಂಬ ಅನಿಶ್ಚಯದ ನಡುವೆ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯುವುದಾಗಿ ಘೋಷಿಸಿತು. ಲೀಗಿಗೇ ನಾಳೆಯ ಖಾತ್ರಿ ಇಲ್ಲದಾಗ ಮೂವತ್ತು ವರ್ಷಕ್ಕೆ ಫಲ ಕೊಡುವ ಕಟ್ಟಡಕ್ಕೆ ಯಾವ ಮಾಲೀಕನೂ ಕೈ ಹಾಕುವುದಿಲ್ಲ, ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಎಲ್ಲಿ ಕಟ್ಟಬೇಕು ಎಂಬ ವಾದಕ್ಕಿಂತ ಮೊದಲು ತೀರಬೇಕಾದದ್ದು ಲೀಗಿನ ಈ ಗೊಂದಲ, ಮತ್ತದು ಎಂಡ್ ಪಾಯಿಂಟಿನ ಹುಡುಗರ ಕೈಯಲ್ಲಿಲ್ಲ. ಹಾಗೆಂದು ಅವರು ವಾದ ನಿಲ್ಲಿಸಿಲ್ಲ, ನಿಲ್ಲಿಸಬೇಕಾಗಿಯೂ ಇಲ್ಲ.

ಕಂಠೀರವವೇ ಗತಿಯಾಗಿರುವಷ್ಟು ದಿನ ಕಾಪು, ಕಾರ್ಕಳದಿಂದ ಮೊದಲ ಬಾರಿ ಹೊರಟವರಿಗೆ ಒಂದು ಮಾತು: ಗೋಲಿನ ಹಿಂದಿನ ಟಿಕೆಟ್ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ಬದಿಯ ಗ್ಯಾಲರಿಯಲ್ಲಿ ಸ್ವಲ್ಪ ಮೇಲಿನ ಸಾಲು ಹಿಡಿಯಿರಿ. ಕೆಳಗಿನ ಸಾಲಿನಲ್ಲಿ ಕೂತರೆ ಆಟಕ್ಕಿಂತ ಹೆಚ್ಚು ಟ್ರ್ಯಾಕೇ ಕಾಣುತ್ತದೆ.