ಕಾನೂನು ಮಂತ್ರಿ ತೀರ್ಪು ಕೊಡುವುದಿಲ್ಲ, ಹಾಗಾದರೆ ಏನು ಮಾಡುತ್ತಾರೆ?

ದೆಹಲಿಯಲ್ಲಿ ಕಾನೂನು ಮತ್ತು ನ್ಯಾಯ ಸಚಿವಾಲಯ ಎಂದು ಒಂದಿದೆ. ಹೆಸರು ಕೇಳಿದರೆ ದೇಶದ ಕೋರ್ಟು, ಪೊಲೀಸು, ಜೈಲು ಎಲ್ಲವೂ ಅಲ್ಲಿಂದಲೇ ನಡೆಯುತ್ತವೆ ಅನ್ನಿಸುತ್ತದೆ. ನಮ್ಮ ಕ್ಲಾಸಿನಲ್ಲಿ ಕೇಳಿ ನೋಡಿದಾಗ ಹೆಚ್ಚಿನವರು ಹಾಗೆಯೇ ಹೇಳಿದರು. ನಾವು ಕಾಮರ್ಸ್‌ನವರು, ರಾಜ್ಯಶಾಸ್ತ್ರ ಹತ್ತನೇ ತರಗತಿಗೇ ಮುಗಿದುಹೋಗಿದೆ. ಆದರೆ ಪೊಲೀಸು ಮತ್ತು ಜೈಲು ರಾಜ್ಯ ಸರ್ಕಾರದ ವಿಷಯ. ಕೇಂದ್ರದಲ್ಲಿ ಅವನ್ನು ನೋಡಿಕೊಳ್ಳುವುದು ಗೃಹ ಸಚಿವಾಲಯ. ತೀರ್ಪು ಕೊಡುವವರು ನ್ಯಾಯಾಧೀಶರು. ಹೀಗೇ ತೀರ್ಪು ಕೊಡಿ ಎಂದು ಅವರಿಗೆ ಹೇಳುವ ಅಧಿಕಾರ ಯಾವ ಮಂತ್ರಿಗೂ ಇಲ್ಲ.

ಈ ಸಚಿವಾಲಯದಲ್ಲಿ ಮೂರು ಇಲಾಖೆಗಳಿವೆ: ಕಾನೂನು ವ್ಯವಹಾರಗಳ ಇಲಾಖೆ, ಶಾಸನ ರಚನಾ ಇಲಾಖೆ, ನ್ಯಾಯ ಇಲಾಖೆ. ಸ್ವತಂತ್ರ ಭಾರತದ ಮೊದಲ ಕಾನೂನು ಮಂತ್ರಿ ಡಾ. ಬಿ.ಆರ್. ಅಂಬೇಡ್ಕರ್. ನಮ್ಮ ರಾಜ್ಯದ ವೀರಪ್ಪ ಮೊಯ್ಲಿ ಮತ್ತು ಡಿ.ವಿ. ಸದಾನಂದ ಗೌಡರೂ ಈ ಕುರ್ಚಿಯಲ್ಲಿ ಕೂತಿದ್ದಾರೆ. ನ್ಯಾಯ ಇಲಾಖೆ 2009ರ ಕೊನೆಯವರೆಗೂ ಗೃಹ ಸಚಿವಾಲಯದಲ್ಲೇ ಇತ್ತು. ಪೊಲೀಸರನ್ನು ನೋಡಿಕೊಳ್ಳುವ ಮನೆಯಲ್ಲೇ ಕೋರ್ಟಿನ ಕಡತಗಳೂ ಇದ್ದವು!

ಒಂದು ಕಾಯ್ದೆ ಹೇಗೆ ಹುಟ್ಟುತ್ತದೆ ನೋಡಿ. ನಾವು ಬಿಸಿನೆಸ್ ಸ್ಟಡೀಸ್‌ನಲ್ಲಿ ಓದುವ ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಬೇಕು ಎಂದು ಯೋಚಿಸಿದ್ದು ಗ್ರಾಹಕ ವ್ಯವಹಾರಗಳ ಇಲಾಖೆ. ಹೀಗೆ ಯಾವುದೇ ಇಲಾಖೆಯಿಂದ ಪ್ರಸ್ತಾವ ಬಂದಾಗ, ಅದು ಸಂವಿಧಾನಕ್ಕೆ ಹೊಂದುತ್ತದೆಯೇ ಎಂದು ಕಾನೂನು ವ್ಯವಹಾರಗಳ ಇಲಾಖೆ ನೋಡುತ್ತದೆ. ವಾಕ್ಯ ವಾಕ್ಯವಾಗಿ ಮಸೂದೆ ಬರೆಯುವುದು ಶಾಸನ ರಚನಾ ಇಲಾಖೆಯ ಕೆಲಸ. ‘ಮತ್ತು’ ಇರಬೇಕಾದಲ್ಲಿ ‘ಅಥವಾ’ ಬಿದ್ದರೆ ಅರ್ಥವೇ ಬದಲಾಗುತ್ತದೆ, ಆಮೇಲೆ ವರ್ಷಗಟ್ಟಲೆ ಕೋರ್ಟಿನಲ್ಲಿ ವಾದ. ಚುನಾವಣೆಗೆ ಸಂಬಂಧಿಸಿದ ಕಾಯ್ದೆಗಳನ್ನು ಈ ಇಲಾಖೆಯೇ ನೋಡಿಕೊಳ್ಳುತ್ತದೆ. ಮೊದಲು ಜನವರಿ 1ಕ್ಕೆ 18 ತುಂಬಿದವರಿಗೆ ಮಾತ್ರ ಆ ವರ್ಷದ ಮತದಾರರ ಪಟ್ಟಿಯಲ್ಲಿ ಜಾಗ. 2021ರ ತಿದ್ದುಪಡಿಯ ನಂತರ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಲೆಕ್ಕಕ್ಕೆ ಬಂದವು. ನನ್ನಂತೆ 17 ದಾಟಿದವರು ಈಗಲೇ ಅರ್ಜಿ ಹಾಕಿಡಬಹುದು.

ಕೇಂದ್ರದ ಕಾಯ್ದೆಗಳನ್ನು ಕನ್ನಡ, ಉರ್ದು ಮುಂತಾದ ಭಾಷೆಗಳಿಗೆ ತರುವ ಕೆಲಸವೂ ಅಲ್ಲೇ ನಡೆಯುತ್ತದೆ. 1973ರ ಒಂದು ಕಾಯ್ದೆಯ ಪ್ರಕಾರ, ರಾಷ್ಟ್ರಪತಿಯವರ ಅಧಿಕಾರದಡಿ ಪ್ರಕಟವಾದ ಅಂಥ ಅನುವಾದವನ್ನು ಅಧಿಕೃತ ಪಾಠ ಎಂದೇ ಎಣಿಸಬೇಕು. ನಮ್ಮ ಮನೆಯಲ್ಲಿ ಮಾತು ಉರ್ದು. ಕನ್ನಡ ಪೇಪರಿನ ಕೋರ್ಟು ಸುದ್ದಿ ಓದುವಾಗ ಮಾತ್ರ ಅಮ್ಮಿಗೆ ಅರ್ಧ ಪದಗಳು ಯಾರೂ ಹೇಳಿಕೊಡದೆಯೇ ತಿಳಿಯುತ್ತವೆ: ಕಾನೂನು, ವಕೀಲ, ಅರ್ಜಿ, ಜಾಮೀನು, ಜಪ್ತಿ, ಫಿರ್ಯಾದಿ. ಎಲ್ಲವೂ ಅರಬಿ, ಫಾರಸಿಯಿಂದ ಬಂದು ಕನ್ನಡದವೇ ಆಗಿಹೋಗಿವೆ.

ಕಾಮರ್ಸ್‌ನವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಆದಾಯ ತೆರಿಗೆ ಅಧಿಕಾರಿ ಒಬ್ಬ ವ್ಯಾಪಾರಿಗೆ ಹೆಚ್ಚು ತೆರಿಗೆ ಹಾಕಿದರು ಎಂದಿಟ್ಟುಕೊಳ್ಳಿ. ವ್ಯಾಪಾರಿ ಮೊದಲು ಅದೇ ಇಲಾಖೆಯ ಮೇಲ್ಮನವಿ ಅಧಿಕಾರಿಯ ಬಳಿ ಹೋಗುತ್ತಾರೆ. ಅಲ್ಲೂ ಸೋತರೆ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ. ಇದು 1941ರಲ್ಲಿ ಸ್ಥಾಪನೆಯಾದದ್ದು, ಬೆಂಗಳೂರಿನಲ್ಲೂ ಇದರ ಪೀಠ ಇದೆ. ಈ ಮಂಡಳಿ ಹಣಕಾಸು ಸಚಿವಾಲಯದ ಕೆಳಗಿಲ್ಲ, ಕಾನೂನು ಸಚಿವಾಲಯದ ಕೆಳಗಿದೆ. ತೆರಿಗೆ ವಸೂಲಿ ಮಾಡುವವರೇ ಪಂಚಾಯಿತಿಗೂ ಕೂತರೆ ವ್ಯಾಪಾರಿಗೆ ನಂಬಿಕೆ ಬರುವುದು ಹೇಗೆ? ಸಾಮಾನ್ಯವಾಗಿ ಇಬ್ಬರು ಸದಸ್ಯರು ಕೂಡಿ ವಿಚಾರಣೆ ಮಾಡುತ್ತಾರೆ. ಒಬ್ಬರು ಕಾನೂನು ಬಲ್ಲವರು, ಇನ್ನೊಬ್ಬರು ಲೆಕ್ಕ ಬಲ್ಲವರು. ಅನುಭವಿ ಚಾರ್ಟರ್ಡ್ ಅಕೌಂಟೆಂಟ್ ಆ ಎರಡನೇ ಕುರ್ಚಿಗೆ ಹೋಗಬಹುದು. ಸಿಎ ಎಂದರೆ ಬರೀ ಆಡಿಟ್ ಎಂದುಕೊಂಡವರು ಗಮನಿಸಿ. ಜಿಎಸ್‌ಟಿಯ ಮೇಲ್ಮನವಿ ಮಂಡಳಿಯನ್ನು ಮಾತ್ರ ಹಣಕಾಸು ಸಚಿವಾಲಯದ ಕಡೆಗೇ ಇಟ್ಟಿದ್ದಾರೆ; ನನಗೆ ಅದು ಸರಿ ಕಾಣುವುದಿಲ್ಲ.

ಈಗ ಹೆಚ್ಚು ಜಗಳ ನಡೆಯುವ ವಿಷಯ: ನ್ಯಾಯಾಧೀಶರ ನೇಮಕ. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮತ್ತು ಇಬ್ಬರು ಹಿರಿಯ ನ್ಯಾಯಮೂರ್ತಿಗಳು ಹೆಸರು ಸೂಚಿಸುತ್ತಾರೆ. ಇದಕ್ಕೆ ಕೊಲಿಜಿಯಂ ಎನ್ನುತ್ತಾರೆ. ರಾಜ್ಯ ಸರ್ಕಾರ ಅಭಿಪ್ರಾಯ ಕೊಡುತ್ತದೆ. ಕಡತ ನ್ಯಾಯ ಇಲಾಖೆಗೆ ಬರುತ್ತದೆ, ಗುಪ್ತಚರ ದಳದ ವರದಿ ಸೇರುತ್ತದೆ, ಅಲ್ಲಿಂದ ಸುಪ್ರೀಂ ಕೋರ್ಟಿನ ಕೊಲಿಜಿಯಂಗೆ ಹೋಗುತ್ತದೆ. ಅವರು ಒಪ್ಪಿದ ಹೆಸರು ಮತ್ತೆ ಸಚಿವಾಲಯಕ್ಕೆ, ಪ್ರಧಾನಿಗೆ, ಕೊನೆಗೆ ರಾಷ್ಟ್ರಪತಿಯವರ ಸಹಿಗೆ. ಸರ್ಕಾರ ಒಮ್ಮೆ ಹಿಂದಕ್ಕೆ ಕಳಿಸಬಹುದು. ಕೊಲಿಜಿಯಂ ಅದೇ ಹೆಸರನ್ನು ಮತ್ತೆ ಹೇಳಿದರೆ ನೇಮಿಸಬೇಕು. ಆದರೆ ಕಡತವನ್ನು ಸುಮ್ಮನೆ ಇಟ್ಟುಕೊಂಡು ಕೂತರೆ? ಅದಕ್ಕಾಗಿಯೇ 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಮತ್ತೆ ಬಂದ ಹೆಸರಿಗೆ ಮೂರು ನಾಲ್ಕು ವಾರದಲ್ಲಿ ಆದೇಶ ಹೊರಡಬೇಕು ಎಂದಿತು. ಕಾನೂನು ಮಂತ್ರಿಯೂ ಸದಸ್ಯರಾಗಿರುವ ಆರು ಜನರ ಆಯೋಗದಿಂದ ನೇಮಕ ಮಾಡಿಸಲು ಸಂಸತ್ತು ಸಂವಿಧಾನವನ್ನೇ ತಿದ್ದಿತ್ತು. 2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟು 4-1ರ ಬಹುಮತದಿಂದ ಅದನ್ನು ರದ್ದು ಮಾಡಿತು. ನ್ಯಾಯಾಧೀಶರೇ ನ್ಯಾಯಾಧೀಶರನ್ನು ಆರಿಸುವುದು ನ್ಯಾಯವೇ ಎಂದು ಕೇಳುವವರಿದ್ದಾರೆ, ಪ್ರಶ್ನೆ ತಪ್ಪಲ್ಲ. ಆದರೆ ದೇಶದಲ್ಲಿ ಅತಿ ಹೆಚ್ಚು ಮೊಕದ್ದಮೆಗಳು ಇರುವುದೇ ಸರ್ಕಾರದವು. ಕಕ್ಷಿದಾರನೇ ನ್ಯಾಯಾಧೀಶರನ್ನು ಆರಿಸುವುದು ಅದಕ್ಕಿಂತ ಕಷ್ಟ ಎಂದು ನನಗೆ ಅನ್ನಿಸುತ್ತದೆ.

ತಾಲೂಕು ಕೋರ್ಟಿನ ಲೆಕ್ಕ ಬೇರೆ. ಅಲ್ಲಿಯ ನ್ಯಾಯಾಧೀಶರ ನೇಮಕ ಹೈಕೋರ್ಟು ಮತ್ತು ರಾಜ್ಯದ ನಡುವೆ ಮುಗಿಯುತ್ತದೆ, ದೆಹಲಿಗೆ ಹೋಗುವುದಿಲ್ಲ. ದೆಹಲಿಯಿಂದ ಬರುವುದು ಹಣ. ಕಟ್ಟಡಕ್ಕೆ ಸಾಮಾನ್ಯವಾಗಿ ಕೇಂದ್ರ 60, ರಾಜ್ಯ 40ರ ಪಾಲು. ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ 2023ರಲ್ಲಿ 7,210 ಕೋಟಿ ರೂಪಾಯಿ ಮಂಜೂರಾಯಿತು. ನಮ್ಮ ಖಾಲಾ ಗಂಡ ತೀರಿಕೊಂಡ ಮೇಲೆ ಮನೆಯ ಪಾಲಿಗಾಗಿ ದಾವೆ ಹಾಕಿ ಐದು ವರ್ಷವಾಯಿತು. ನಡುವೆ ನ್ಯಾಯಾಧೀಶರ ವರ್ಗವಾಗಿ ತಿಂಗಳುಗಟ್ಟಲೆ ಕುರ್ಚಿ ಖಾಲಿ ಇತ್ತು. ಈಗ ಮುಂದಿನ ತಾರೀಖು ಯಾವಾಗ ಎಂದು ನಾನೇ ಮೊಬೈಲಿನಲ್ಲಿ ನೋಡಿ ಹೇಳುತ್ತೇನೆ, ಅದಕ್ಕಾಗಿ ಅವರು ಬಸ್ ಹತ್ತಬೇಕಿಲ್ಲ. ಅಷ್ಟರಮಟ್ಟಿಗೆ ಆ ಕೋಟಿಗಳು ಅವರನ್ನೂ ತಲುಪಿವೆ.

ವಕೀಲರ ಫೀಸಿಗೆ ಖಾಲಾ ಎರಡು ಬಳೆ ಮಾರಿದ್ದರು. ಅದು ಬೇಕೇ ಇರಲಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಬಂಧನದಲ್ಲಿರುವವರಿಗೆ ವರಮಾನ ಎಷ್ಟೇ ಇದ್ದರೂ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಬಡವರಿಗೂ ಸಿಗುತ್ತಾರೆ, ಅದಕ್ಕೆ ವರಮಾನದ ಮಿತಿ ಇದೆ. ಈ ಕೆಲಸಕ್ಕೆ ಕೇಂದ್ರದ ಹಣ ಹರಿಯುವುದು ನ್ಯಾಯ ಇಲಾಖೆಯಿಂದಲೇ. ಸಹಾಯವಾಣಿ 15100. ಕೋರ್ಟಿಗೆ ಹೋಗುವ ಮೊದಲು ಬರೀ ಸಲಹೆ ಬೇಕಿದ್ದರೆ ಟೆಲಿ-ಲಾ, ಅದರ ನಂಬರು 14454. ಅರ್ಜಿಯನ್ನು ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಕನ್ನಡದಲ್ಲೇ ಬರೆದುಕೊಡಬಹುದು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅಲ್ಲಿಯವರೇ ಬರೆದುಕೊಳ್ಳಬೇಕು. ಖಾಲಾರ ಅರ್ಜಿಯನ್ನು ಹೋದ ವಾರ ನಾನು ಬರೆದೆ, ಅವರು ಉರ್ದುವಿನಲ್ಲಿ ಸಹಿ ಹಾಕಿದರು.